ಅದು ಸೆಲ್ಟಿಕ್ ಪ್ರಭಾವವಲ್ಲ, ತಂತಿ ಹರಿದದ್ದು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹೊಸ ಇಂಡಿ ಫೋಕ್ ರಾಕ್ ಸಿಂಗಲ್ (ದೊಡ್ಡ ಕಂಪನಿ ಇಲ್ಲದೆ ತಾವೇ ಹೊರತಂದ, ಜನಪದ ಧಾಟಿಗೆ ರಾಕ್ ಬಡಿತ ಕೂಡಿಸಿದ ಬಿಡಿ ಹಾಡು) ಒಂದರ ಬಗ್ಗೆ ಪುಟ್ಟ ವಿಮರ್ಶೆ ಬಂದಿತ್ತು. ಆ ಹಾಡಿಗೆ ಹನ್ನೆರಡು ತಂತಿಯ ಗಿಟಾರ್ ನುಡಿಸಿದವನು ನಾನು. ಹಾಡಿನ ಹೆಸರು ಇಲ್ಲಿ ಬರೆಯುವುದಿಲ್ಲ, ಪತ್ರದ ನೆಪದಲ್ಲಿ ಪ್ರಚಾರ ಮಾಡ್ತಿದ್ದಾನೆ ಅನ್ನಿಸಬಾರದು. ವಿಮರ್ಶಕರು ಒಳ್ಳೆಯ ಮಾತನ್ನೇ ಬರೆದಿದ್ದಾರೆ. ನನ್ನ ತಕರಾರು ಒಂದೇ ಸಾಲಿನ ಮೇಲೆ. ‘ಡಿಲನ್, ಬೀಟಲ್ಸ್ ಪ್ರಭಾವ ಎದ್ದು ಕಾಣುತ್ತದೆ, ಎರಡನೇ ಚರಣದಲ್ಲಿ ಸೆಲ್ಟಿಕ್ ಜನಪದದ ಮಂಜು ಕವಿಯುತ್ತದೆ’ ಎಂಬ ಸಾಲು. ಡಿಲನ್ ಅಂದರೆ ಅಮೆರಿಕದ ಹಾಡುಗಾರ ಬಾಬ್ ಡಿಲನ್, ಬೀಟಲ್ಸ್ ಇಂಗ್ಲೆಂಡಿನ ರಾಕ್ ತಂಡ, ಸೆಲ್ಟಿಕ್ ಅಂದರೆ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯದು.

ಮೊದಲು ಮಂಜಿನ ವಿಷಯ ಹೇಳಿಬಿಡುತ್ತೇನೆ. ಈ ಗಿಟಾರ್‌ನಲ್ಲಿ ತಂತಿಗಳು ಜೋಡಿ ಜೋಡಿಯಾಗಿರುತ್ತವೆ. ಕೆಳಗಿನ ಎರಡು ಜೋಡಿಗಳಲ್ಲಿ ಎರಡೂ ತಂತಿಗೆ ಒಂದೇ ಸ್ವರ. ಉಳಿದ ನಾಲ್ಕರಲ್ಲಿ ಒಂದು ದಪ್ಪ ತಂತಿ, ಅದರ ಪಕ್ಕಕ್ಕೆ ಒಂದು ಸ್ಥಾಯಿ ಮೇಲೆ ನುಡಿಯುವ ತೆಳು ತಂತಿ. ಕೆಳಗಿನಿಂದ ಮೂರನೇ ಜೋಡಿಯ ತೆಳು ತಂತಿ ಇದೆಯಲ್ಲ, ಇಡೀ ಗಿಟಾರ್‌ನಲ್ಲಿ ಎಲ್ಲಕ್ಕಿಂತ ಮೇಲಿನ ಸ್ವರ ಅದರದ್ದು. ಹೆಚ್ಚಾಗಿ ಹರಿಯುವುದೂ ಅದೇ.

ನಾವು ರೆಕಾರ್ಡ್ ಮಾಡಿದ್ದು ಗೆಳೆಯನ ಮಲಗುವ ಕೋಣೆಯಲ್ಲಿ. ಬೀರುವಿನ ಬಾಗಿಲಿಗೆ ಎರಡು ಕಂಬಳಿ ನೇತುಹಾಕಿದ್ದೆವು. ಮೂವರಿಗೂ ಸೇರಿ ಒಂದೇ ಮೈಕ್. ಏಳನೇ ಟೇಕ್‌ನಲ್ಲಿ ಎರಡನೇ ಚರಣ ಶುರುವಾಗುತ್ತಿದ್ದ ಹಾಗೇ ಟಪ್ ಅಂತು. ಹಾಡುವವಳು ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದಳು. ಅಷ್ಟು ಚೆನ್ನಾಗಿ ಅದುವರೆಗೆ ಹಾಡಿರಲಿಲ್ಲ. ನಿಲ್ಲಿಸಲು ಮನಸ್ಸು ಬರಲಿಲ್ಲ. ಹರಿದ ತುದಿ ಮಣಿಕಟ್ಟಿಗೆ ಚುಚ್ಚುತ್ತಿತ್ತು. ಒಂದು ತಂತಿಯ ಎಳೆತ ತಪ್ಪಿದ್ದಕ್ಕೆ ಉಳಿದವುಗಳ ಶ್ರುತಿ ಕೂದಲೆಳೆಯಷ್ಟು ಏರಿತ್ತು. ಹಾಗೇ ಹನ್ನೊಂದರಲ್ಲಿ ಮುಗಿಸಿದೆ. ಮೇಲಿನ ಮಿಣುಕು ಹೋಯಿತು, ದನಿ ಮಂಕಾಯಿತು. ನಿಮ್ಮ ಪುರವಣಿಯ ಸೆಲ್ಟಿಕ್ ಮಂಜು ಇದೇ.

ಹಾಗಂತ ವಿಮರ್ಶಕರ ಕಿವಿ ಪೂರ್ತಿ ತಪ್ಪಿದೆ ಅಂತಲೂ ಹೇಳಲಾರೆ. ನಾನು ಗಿಟಾರ್ ಶ್ರುತಿ ಮಾಡಿಕೊಂಡದ್ದು ಡಿ-ಎ-ಡಿ-ಜಿ-ಎ-ಡಿ ಕ್ರಮದಲ್ಲಿ (ಇವು ಆರು ಜೋಡಿಗಳ ಪಾಶ್ಚಾತ್ಯ ಸ್ವರದ ಹೆಸರು). ಐರಿಶ್ ಹಾಡುಗಳಿಗೆ ಗಿಟಾರ್ ನುಡಿಸುವವರು ಈಗ ಇದನ್ನು ಜಾಸ್ತಿ ಬಳಸುತ್ತಾರೆ. ಆದರೆ 1960ರ ದಶಕದ ಶುರುವಿನಲ್ಲಿ ಇದನ್ನು ಬಳಕೆಗೆ ತಂದವರು ಇಂಗ್ಲೆಂಡಿನ ಡೇವಿ ಗ್ರಹಾಂ. ಅವರಿಗೆ ಇದು ಹೊಳೆದದ್ದು ಮೊರಾಕೊದಲ್ಲಿ ಊದ್ ಎಂಬ ಅರಬ್ ತಂತಿವಾದ್ಯದ ಸಂಗೀತ ಕೇಳಿದ ಮೇಲೆ. ಕೇಳಿದವರಿಗೆ ಐರ್ಲೆಂಡ್ ಅನ್ನಿಸುವ ಆ ಗುಂಯ್ ಅನ್ನುವ ನಾದದ ಹಿಂದೆ ಉತ್ತರ ಆಫ್ರಿಕ ಕೂತಿದೆ!

ಇನ್ನು ಡಿಲನ್, ಬೀಟಲ್ಸ್. ನಾನು ಹಗಲು ಲೆಕ್ಕಪತ್ರ ನೋಡುವವನು. ವೋಚರ್ ಇಲ್ಲದ ಖರ್ಚು ಕಂಡರೆ ಪೆನ್ನು ತಾನಾಗಿ ಸುತ್ತು ಹಾಕುತ್ತದೆ. ಎರಡು ದೊಡ್ಡ ಹೆಸರು ಬರೆದು ಮುಂದೆ ‘ಪ್ರಭಾವ’ ಅಂತ ಸೇರಿಸಿದರೆ ಅದೂ ಅಂಥದ್ದೇ ಎಂಟ್ರಿ. ಹಾಡಿನಲ್ಲಿ ಎಲ್ಲಿದೆ ಅದು? ರಾಗದಲ್ಲೋ, ಬಡಿತದಲ್ಲೋ, ಮಾತಿನಲ್ಲೋ? ಅದನ್ನು ಹೇಳದಿದ್ದರೆ ಓದುವವರಿಗೆ ಸಿಕ್ಕಿದ್ದೇನು?

ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಅಮೆರಿಕದ ನ್ಯೂಪೋರ್ಟ್ ಜನಪದ ಸಂಗೀತ ಉತ್ಸವದ ವೇದಿಕೆ ಹತ್ತಿದಾಗ ಫೋಕ್ ರಾಕ್ ಹುಟ್ಟಿತು ಅಂತಲೂ ಅದೇ ವಿಮರ್ಶೆಯಲ್ಲಿದೆ. ನ್ಯೂಪೋರ್ಟ್‌ನದು 1965ರ ಜುಲೈ 25. ಡಿಲನ್ ಬರೆದ ‘ಮಿಸ್ಟರ್ ಟ್ಯಾಂಬೊರಿನ್ ಮ್ಯಾನ್’ ಹಾಡನ್ನು ಅಮೆರಿಕದ ಬರ್ಡ್ಸ್ ತಂಡ ರೆಕಾರ್ಡ್ ಮಾಡಿದ್ದು ಅದೇ ವರ್ಷದ ಜನವರಿ 20ರಂದು. ಏಪ್ರಿಲ್‌ನಲ್ಲಿ ಸಿಂಗಲ್ ಬಂತು, ಜೂನ್‌ನಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಹೋಯಿತು. ಅಂದರೆ ನ್ಯೂಪೋರ್ಟ್‌ಗೆ ಮೊದಲೇ ಫೋಕ್ ರಾಕ್ ಬಂದಾಗಿತ್ತು. ಡಿಲನ್ ಬರೆದ ಅಷ್ಟೂ ಚರಣಗಳಲ್ಲಿ ಅವರು ಉಳಿಸಿಕೊಂಡದ್ದು ಒಂದನ್ನೇ. ತಂಡದವರ ಪೈಕಿ ಆ ಸಿಂಗಲ್‌ನಲ್ಲಿ ವಾದ್ಯ ನುಡಿಸಿದ್ದು ರೋಜರ್ ಮೆಗ್ವಿನ್ ಒಬ್ಬರೇ. ಉಳಿದದ್ದು ಸ್ಟುಡಿಯೊ ಕಲಾವಿದರ ಕೈ.

ಮೆಗ್ವಿನ್‌ಗೆ ಎಲೆಕ್ಟ್ರಿಕ್ ಹನ್ನೆರಡು ತಂತಿಯ ಹುಚ್ಚು ಹಿಡಿದದ್ದು 1964ರಲ್ಲಿ, ಬೀಟಲ್ಸ್ ಸಿನಿಮಾದಲ್ಲಿ ಜಾರ್ಜ್ ಹ್ಯಾರಿಸನ್ ಕೈಯಲ್ಲಿ ರಿಕನ್‌ಬ್ಯಾಕರ್ ಗಿಟಾರ್ ನೋಡಿ. ಇಲ್ಲಿಯವರೆಗೆ ಬೀಟಲ್ಸ್ ಕೊಟ್ಟವರು, ಬರ್ಡ್ಸ್ ಪಡೆದವರು. ಆಮೇಲೆ ನೋಡಿ. ವೇಲ್ಸ್‌ನಲ್ಲಿ ಇಡ್ರಿಸ್ ಡೇವಿಸ್ ಎಂಬ ಕವಿ ಇದ್ದರು. ಹುಡುಗನಾಗಿದ್ದಾಗಲೇ ಕಲ್ಲಿದ್ದಲು ಗಣಿಗೆ ಇಳಿದವರು. ಮಕ್ಕಳ ಪ್ರಾಸಪದ್ಯದ ಧಾಟಿಯಲ್ಲಿ ಅವರು ದಕ್ಷಿಣ ವೇಲ್ಸ್ ಊರುಗಳ ಚರ್ಚ್ ಗಂಟೆಗಳಿಂದ ಮಾತಾಡಿಸಿದರು. 1938ರಲ್ಲಿ ಅಚ್ಚಾದ ಆ ಸಾಲುಗಳಿಗೆ ಅಮೆರಿಕದ ಜನಪದ ಗಾಯಕ ಪೀಟ್ ಸೀಗರ್ ರಾಗ ಹಾಕಿದರು. ಬರ್ಡ್ಸ್ ಅದನ್ನು ‘ದ ಬೆಲ್ಸ್ ಆಫ್ ರಿಮ್ನಿ’ ಎಂದು ಹನ್ನೆರಡು ತಂತಿಯಲ್ಲಿ ನುಡಿಸಿದರು. ಅದೇ 1965ರ ಡಿಸೆಂಬರ್‌ನಲ್ಲಿ ಬಂದ ಬೀಟಲ್ಸ್ ಆಲ್ಬಮ್‌ನಲ್ಲಿ ಹ್ಯಾರಿಸನ್ ಬರೆದ ‘ಇಫ್ ಐ ನೀಡೆಡ್ ಸಮ್‌ಒನ್’ ಇದೆ. ಅದರ ಗಿಟಾರ್ ಎಳೆ ಬರ್ಡ್ಸ್ ನುಡಿಸಿದ ಈ ಹಾಡಿನಿಂದ ಬಂದದ್ದು, ಹ್ಯಾರಿಸನ್ ಅದನ್ನು ಮುಚ್ಚಿಡಲೂ ಇಲ್ಲ. ಯಾರು ಯಾರಿಂದ ಕಡ ತಂದರು ಅಂತ ಬರೆಯಲು ಯಾವ ಕಾಲಂ ಸಾಕು? ಗಣಿ ಹುಡುಗನ ಹೆಸರಂತೂ ಯಾವ ವಿಮರ್ಶೆಯಲ್ಲೂ ನನಗೆ ಕಂಡಿಲ್ಲ.

ನಮ್ಮ ಹಾಡಿನ ಸಾಲ ಎಲ್ಲಿದೆ ಅಂತ ಕೇಳಿದರೆ ಸೆಕೆಂಡು ಸಮೇತ ಹೇಳಬಲ್ಲೆ. ಮೊದಲ ಹದಿನಾಲ್ಕು ಸೆಕೆಂಡು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಪಿಕ್ (ತಂತಿ ಮೀಟುವ ಚೂರು) ಹಿಡಿದು, ಮಧ್ಯದ ಬೆರಳಿಗೂ ಉಂಗುರ ಬೆರಳಿಗೂ ಲೋಹದ ಪಿಕ್ ಹಾಕಿಕೊಂಡು, ತಂತಿಗಳನ್ನು ಒಂದರ ಹಿಂದೊಂದು ಉರುಳಿಸಿಕೊಂಡು ಹೋಗುತ್ತೇನೆ. ಇದು ಮೆಗ್ವಿನ್ ಪದ್ಧತಿ. ಅವರು ಶಿಕಾಗೊದ ಓಲ್ಡ್ ಟೌನ್ ಸ್ಕೂಲ್ ಆಫ್ ಫೋಕ್ ಮ್ಯೂಸಿಕ್‌ನಲ್ಲಿ ಐದು ತಂತಿಯ ಬ್ಯಾಂಜೊ ಎಂಬ ಮೀಟುವ ವಾದ್ಯ ಕಲಿತವರು. ಆ ಬೆರಳ ಅಭ್ಯಾಸವನ್ನೇ ಗಿಟಾರ್‌ಗೆ ತಂದರು. ನಾನು ಜನ್ಮದಲ್ಲಿ ಬ್ಯಾಂಜೊ ಮುಟ್ಟಿದವನಲ್ಲ. ಆದರೂ ನನ್ನ ಬಲಗೈಯಲ್ಲಿ ಬ್ಯಾಂಜೊ ಇದೆ. ಕಲಿಯಲು ಎರಡು ವರ್ಷ ಹಿಡಿಯಿತು. ಮೊದಲ ಆರು ತಿಂಗಳು ಲೋಹದ ಪಿಕ್ ಬೆರಳಿನಿಂದ ಜಾರಿ ಗಿಟಾರ್ ಹೊಟ್ಟೆಯೊಳಗೇ ಬೀಳುತ್ತಿತ್ತು. ಗಿಟಾರ್ ತಲೆಕೆಳಗೆ ಮಾಡಿ ಅಲ್ಲಾಡಿಸುವುದೇ ಅರ್ಧ ಅಭ್ಯಾಸ. ಇನ್ನು ಡಿಲನ್? ಹುಡುಕಿದರೂ ನನಗೆ ಸಿಗಲಿಲ್ಲ. ಮಾತು ಬರೆದ ಹಾಡುಗಾರ್ತಿಯನ್ನೇ ಕೇಳಿದೆ. ಅವಳು ನಕ್ಕಳು ಅಷ್ಟೇ.

ಒಂದು ಕೋರಿಕೆ. ಸಿಂಗಲ್ ಅಂದರೆ ಮೂರು, ನಾಲ್ಕು ನಿಮಿಷ. ವಿಮರ್ಶೆಗೆ ನೂರೈವತ್ತು ಪದದ ಜಾಗ ಸಿಕ್ಕರೂ ಸಾಕು, ಒಂದೇ ಒಂದು ಜಾಗ ಹಿಡಿದು ‘ಇಲ್ಲಿ ಕೇಳಿ’ ಅಂತ ತೋರಿಸಬಹುದು, ಅಲ್ವಾ? ತಪ್ಪಾಗಿ ತೋರಿಸಿದರೂ ಪರವಾಗಿಲ್ಲ. ಮಂಜು ಅಂತ ಬರೆದರು, ಸರಿ. ಕನಿಷ್ಠ ಎರಡನೇ ಚರಣದಲ್ಲಿ ಏನೋ ಆಯಿತು ಅಂತ ಅವರ ಕಿವಿಗೆ ಬಿತ್ತಲ್ಲ. ನಮ್ಮ ಮನೆಯವರಿಗೆ ಅದೂ ಗೊತ್ತಾಗಿರಲಿಲ್ಲ.

ತಂತಿ ಬದಲಾಯಿಸಿ ಆಗಿದೆ. ಆದರೆ ಹಾಡುವವಳೂ ನಿಮ್ಮ ಪುರವಣಿ ಓದಿದ್ದಾಳೆ. ಮುಂದಿನ ಹಾಡಿಗೆ ಆ ತಂತಿ ತೆಗೆದೇ ನುಡಿಸು ಅಂತ ಹಟ ಹಿಡಿದಿದ್ದಾಳೆ.

ಇಂತಿ ನಿಮ್ಮ ಓದುಗ,
ಆ ಹಾಡಿನ ಗಿಟಾರ್‌ನವನು