ಕೈ ತಿರುಗಿಸಿ ಅಂದ್ರೆ ಸಾಲದು, ಯಾವ ಕೀಲು ಅಂತಲೂ ಬರೀರಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರ್‌ನ ಆರೋಗ್ಯದ ಪುಟದಲ್ಲಿ ಭುಜ ನೋವಿಗೆ ಮನೇಲೇ ಮಾಡೋ ವ್ಯಾಯಾಮ ಅಂತ ಹಾಕಿದ್ರಲ್ಲ, ಅದ್ರ ಬಗ್ಗೆ ಬರೀತಿದೀನಿ. ನಾನು ಹೈಸ್ಕೂಲಲ್ಲಿ ಪಿಟಿ ಮೇಷ್ಟ್ರಾಗಿದ್ದು ರಿಟೈರ್ ಆದವ, ಹೊಸನಗರ ತಾಲೂಕಿನವ. ಲೇಖನದಲ್ಲಿ ಕೈಯನ್ನು ಹೊರಕ್ಕೆ ತಿರುಗಿಸಿ, ಒಳಕ್ಕೆ ತಿರುಗಿಸಿ ಅಂತ ಮಾತ್ರ ಇತ್ತು, ಫೋಟೋನೂ ಇರಲಿಲ್ಲ. ನಮ್ಮೂರಲ್ಲಿ ಅದನ್ನ ಓದ್ಕೊಂಡು ಮಾಡ್ತಿರೋರೆಲ್ಲ ಜಗಲಿ ಮೇಲೆ ಕೂತು ಅಂಗೈ ಮೇಲೆ ಮಾಡೋದು ಕೆಳಗೆ ಮಾಡೋದು, ಅಷ್ಟೇ ಮಾಡ್ತಿದಾರೆ. ಅದು ಭುಜದ ವ್ಯಾಯಾಮನೇ ಅಲ್ಲ ಮಾರಾಯ್ರೆ!

ಬೇಕಾದ್ರೆ ಓದೋರು ಈಗ್ಲೇ ಮಾಡಿ ನೋಡ್ಲಿ. ಮೊಣಕೈನ ಪಕ್ಕೆಲುಬಿಗೆ ಒತ್ತಿ ಹಿಡೀರಿ, ತೊಂಬತ್ತು ಡಿಗ್ರಿ ಮಡಚಿ, ಹೆಬ್ಬೆರಳು ಮೇಲಕ್ಕಿರ್ಲಿ. ಈಗ ಅಂಗೈನ ಆಕಾಶಕ್ಕೆ ಮಾಡಿ, ಆಮೇಲೆ ನೆಲಕ್ಕೆ ಮಾಡಿ. ಇನ್ನೊಂದು ಕೈ ಭುಜದ ಮೇಲಿಟ್ಟು ನೋಡಿದ್ರೆ ಭುಜ ಅಲ್ಲಾಡೋದೇ ಇಲ್ಲ, ಆಡ್ತಿರೋದು ಮುಂಗೈ, ಅಂದ್ರೆ ಮೊಣಕೈಯಿಂದ ಮಣಿಕಟ್ಟಿನ ತನಕದ ಭಾಗ. ಮುಂಗೈಯಲ್ಲಿ ಎರಡು ಎಲುಬು, ಹೆಬ್ಬೆರಳ ಕಡೆ ರೇಡಿಯಸ್, ಕಿರುಬೆರಳ ಕಡೆ ಅಲ್ನಾ, ಅಂಗೈ ಕೆಳಗಾದಾಗ ರೇಡಿಯಸ್ ಹೋಗಿ ಅಲ್ನಾ ಮೇಲೆ ಅಡ್ಡ ಬೀಳತ್ತೆ, ಅದಕ್ಕೆ ಪ್ರೊನೇಶನ್ ಅಂತಾರೆ, ಅಂಗೈ ಮೇಲಾದ್ರೆ ಎರಡೂ ಪಕ್ಕಪಕ್ಕ ಬರತ್ತೆ, ಅದು ಸುಪಿನೇಶನ್. ಬಲಗೈಲಿ ಸ್ಕ್ರೂ ಬಿಗಿ ಮಾಡೋದು ಸುಪಿನೇಶನ್ನೇ, ಅದಕ್ಕೆ ಮೊಣಕೈ ಮಡಚಿದಾಗ ಬೈಸೆಪ್ಸ್, ಅಂದ್ರೆ ತೋಳಿನ ಮುಂದಿನ ಸ್ನಾಯು, ಪೂರ್ತಿ ಜೋರು ಕೊಡತ್ತೆ, ಬಿಚ್ಚೋ ದಿಕ್ಕಲ್ಲಿ ಅಷ್ಟು ಶಕ್ತಿ ಬರಲ್ಲ.

ಇನ್ನು ಭುಜ ತಿರುಗೋದು ಬೇರೆ. ಅದೇ ಥರ ಮೊಣಕೈ ಪಕ್ಕೆಲುಬಿಗೆ ಒತ್ತಿಯೇ ಇರ್ಲಿ, ಅಂಗೈ ಮಗುಚಬೇಡಿ, ಮುಂಗೈ ಪೂರ್ತಿಯಾಗಿ ಹೊಟ್ಟೆ ಮುಂದಿಂದ ಹೊರಗಡೆಗೆ ಬಾಗಿಲು ತೆರೆದಂಗೆ ಹೋಗ್ಲಿ. ಇದು ಭುಜದ ಎಕ್ಸ್‌ಟರ್ನಲ್ ರೊಟೇಶನ್, ವಾಪಸ್ ಹೊಟ್ಟೆ ಕಡೆ ಬಂದ್ರೆ ಇಂಟರ್ನಲ್. ಫ್ರೋಜನ್ ಶೋಲ್ಡರ್, ಅಂದ್ರೆ ಭುಜ ಬಿಗಿದು ನೋಯೋ ಕಾಯಿಲೆ, ಆದೋರಿಗೆ ಎಲ್ಲದಕ್ಕಿಂತ ಜಾಸ್ತಿ ಕಟ್ಟಿ ಹೋಗೋದು ಈ ಹೊರಗಡೆ ತಿರುಗೋದೇ. ಆ ಕಾಯಿಲೆ 40ರಿಂದ 60 ವಯಸ್ಸಿನೋರಲ್ಲಿ ಹೆಚ್ಚು, ಶುಗರ್ ಇರೋರಲ್ಲಿ ಇನ್ನೂ ಹೆಚ್ಚು, ನಮ್ಮ ಕಡೆ ಹೆಂಗಸರು ಜಡೆ ಕಟ್ಟಕ್ಕೆ ಕೈ ಹಿಂದಕ್ಕೆ ಹೋಗ್ತಿಲ್ಲ ಅಂತ ಹೇಳ್ತಾರಲ್ಲ, ಅದೇ. ಅಂಥೋರು ದಿನಾ ಬೆಳಿಗ್ಗೆ ಎದ್ದು ನಿಮ್ಮ ಪೇಪರ್ ಮುಂದಿಟ್ಕೊಂಡು ಅಂಗೈ ಮಗುಚ್ತಾ ಕೂತ್ರೆ ಭುಜ ಹೆಂಗೆ ಬಿಡತ್ತೆ ಹೇಳಿ. ನೋವೇನೋ ಬರಲ್ಲ, ಅದಕ್ಕೆ ವ್ಯಾಯಾಮ ಸರಿಹೋಗ್ತಿದೆ ಅಂದ್ಕೊಳ್ತಾರೆ.

ಹಾಗಾಗಿ ನನ್ನ ಬೇಡಿಕೆ ಇಷ್ಟೇ, ವ್ಯಾಯಾಮ ಹಾಕೋದಾದ್ರೆ ಯಾವ ಕೀಲು, ಯಾವ ದಿಕ್ಕು, ಶುರು ಮಾಡುವಾಗ ದೇಹ ಹೆಂಗಿರ್ಬೇಕು ಅನ್ನೋದನ್ನ ಹಾಕಿ. ಡಾಕ್ಟ್ರುಗಳು ಇದನ್ನ ಹಿಂದೆಯೇ ಬಗೆಹರಿಸ್ಕೊಂಡಿದಾರೆ, ನೆಟ್ಟಗೆ ನಿಂತು, ಪಾದ ಮುಂದಕ್ಕೆ, ಕೈ ಇಳಿಬಿಟ್ಟು ಅಂಗೈ ಎದುರಿಗೆ ಕಾಣೋ ಹಾಗೆ, ಹೆಬ್ಬೆರಳು ಹೊರಗಡೆಗೆ. ಅನಾಟಮಿಕಲ್ ಪೊಸಿಷನ್ ಅಂದ್ರೆ ಇದೇ. ನಮ್ಮ ಡ್ರಿಲ್‌ನ ಸಾವಧಾನ್‌ನಲ್ಲಿ ಕೈ ತೊಡೆಗೆ ಅಂಟಿರತ್ತೆ, ಇಲ್ಲಿ ತೆರೆದಿರತ್ತೆ, ಮುಖ್ಯ ವ್ಯತ್ಯಾಸ ಅದು. ಮಡಚೋದು ಫ್ಲೆಕ್ಷನ್, ಬಿಡಿಸೋದು ಎಕ್ಸ್‌ಟೆನ್ಶನ್, ದೇಹದ ನಡುಗೆರೆಯಿಂದ ದೂರ ಹೋದ್ರೆ ಅಬ್ಡಕ್ಷನ್, ಹತ್ರ ಬಂದ್ರೆ ಅಡಕ್ಷನ್, ಎಲ್ಲ ಲೆಕ್ಕ ಅಲ್ಲಿಂದ ಶುರು. ಬೆರಳಿಗೆ ಮಾತ್ರ ನಡುಗೆರೆ ಬೇರೆ, ಕೈಯಲ್ಲಾದ್ರೆ ಮಧ್ಯದ ಬೆರಳು, ಕಾಲಲ್ಲಾದ್ರೆ ಹೆಬ್ಬೆರಳ ಪಕ್ಕದ್ದು.

ಹುಡುಗ್ರು ಕ್ಲಾಸಲ್ಲಿ ಕೇಳೋರು, ಸರ್ ಮೊಣಕೈ ಮುಂದಕ್ಕೆ ಮಡಚತ್ತೆ ಮೊಣಕಾಲು ಹಿಂದಕ್ಕೆ ಮಡಚತ್ತೆ, ಎರಡಕ್ಕೂ ಫ್ಲೆಕ್ಷನ್ ಅಂತ ಹೆಂಗೆ ಅಂತ. ಒಳ್ಳೆ ಪ್ರಶ್ನೆ ಅದು. ಹೊಟ್ಟೇಲಿ ಮಗು ಬೆಳೀವಾಗ ಕೈ ಚಿಗುರು ಹೊರಗಡೆ ತಿರುಗತ್ತೆ, ಕಾಲು ಚಿಗುರು ಒಳಗಡೆ ತಿರುಗತ್ತೆ, ಅದಕ್ಕೇ ಮೊಣಕೈ ಹಿಂದೆ, ಮಂಡಿ ಮುಂದೆ ಬಂದಿರೋದು. ಮೂಲದಲ್ಲಿ ಎರಡೂ ಒಂದೇ ಚಲನೆ.

ಮಂಡಿ ಅಂದಾಗ ನೆನಪಾಯ್ತು, ಮಂಡಿ ಮೇಲೆ ಕೈ ಇಟ್ಟು ಗರಗರ ತಿರುಗಿಸೋ ವ್ಯಾಯಾಮ ಈಗ್ಲೂ ಶಾಲೆಗಳಲ್ಲಿ ಮಾಡಿಸ್ತಾರೆ, ನಿಮ್ಮ ಪುಟದಲ್ಲೂ ಒಂದ್ಸಲ ಬಂದಿತ್ತು. ಮಂಡಿ ಹಾಗೆಲ್ಲ ಸುತ್ತೋ ಕೀಲಲ್ಲ. ಭುಜ, ತೊಡೆಸಂದು ಬಾಲ್ ಅಂಡ್ ಸಾಕೆಟ್, ಅಂದ್ರೆ ಬಟ್ಟಲಲ್ಲಿ ಗುಂಡು ಕೂತಂಗಿರೋ ಕೀಲು, ಅವು ಸುತ್ತತ್ತೆ. ಮಂಡಿ ಮುಖ್ಯವಾಗಿ ಮಡಚಿ ಬಿಡಿಸೋ ಕೀಲು, ಸುಮಾರು 135, 140 ಡಿಗ್ರಿ ಮಡಚತ್ತೆ. ಆ ವ್ಯಾಯಾಮದಲ್ಲಿ ಸುತ್ತುತಿರೋದು ಹೆಚ್ಚಾಗಿ ಪಾದದ ಗಂಟು ಮತ್ತೆ ತೊಡೆಸಂದು, ಮಂಡಿ ಮಧ್ಯೆ ಸಿಕ್ಕಾಕ್ಕೊಂಡಿರತ್ತೆ. ಹಾಗಂತ ಮಂಡಿ ಸ್ವಲ್ಪನೂ ತಿರುಗಲ್ಲ ಅಂತಲೂ ಅಲ್ಲ. ಕುರ್ಚಿ ಮೇಲೆ ಕೂತು ಮಂಡಿ ಮಡಚಿ ಮೊಣಕಾಲ ಕೆಳಗಿನ ಎಲುಬನ್ನ ಎರಡೂ ಕೈಲಿ ಹಿಡ್ಕೊಂಡು ಪಾದ ಒಳಗೆ ಹೊರಗೆ ಮಾಡಿದ್ರೆ ಎಲುಬು ತಿರುಗೋದು ಕೈಗೇ ಸಿಗತ್ತೆ. ಕಾಲು ನೆಟ್ಟಗೆ ಚಾಚಿ ಅದನ್ನೇ ಮಾಡಿ, ತಿರುಗೋದು ತೊಡೆ ಬುಡದಿಂದ. ಯಾಕಂದ್ರೆ ಕಾಲು ಪೂರ್ತಿ ನೆಟ್ಟಗಾಗೋ ಕೊನೇ ಸ್ವಲ್ಪದಲ್ಲಿ ಆ ಎಲುಬು ಹೊರಗಡೆ ಚೂರು ತಿರುಗಿ ಲಾಕ್ ಆಗತ್ತೆ, ಹಾಗಾಗೇ ತುಂಬ ಹೊತ್ತು ನಿಂತ್ರೂ ತೊಡೆ ಸ್ನಾಯುಗೆ ಜಾಸ್ತಿ ಕೆಲಸ ಬೀಳಲ್ಲ. ಕಬಡ್ಡೀಲಿ ಪಾದ ನೆಲಕ್ಕೆ ಕಚ್ಕೊಂಡಿರುವಾಗ ಮೈ ತಿರುಗಿದ್ರೆ ಮಂಡಿ ಒಳಗೆ ಎಲುಬುಗಳನ್ನ ಹಿಡಿದಿಡೋ ಎಸಿಎಲ್ ಅನ್ನೋ ಲಿಗಮೆಂಟ್ (ಕಟ್ಟುಪಟ್ಟಿ) ಹರಿಯೋದು ಇಲ್ಲೇ. ಆಡಿಸೋ ಮೇಷ್ಟ್ರುಗಳು ಇದನ್ನ ಗಮನ ಇಟ್ಟು ನೋಡ್ಬೇಕು.

ನಮ್ಮ ಮಲೆನಾಡಲ್ಲಿ ಇದೆಲ್ಲ ಬರೀ ಪುಸ್ತಕದ ವಿಷಯ ಅಲ್ಲ. ಮಳೆಗಾಲದಲ್ಲಿ ತೋಟದ ಬಸಿಗಾಲುವೆ ದಾಟುವಾಗ ಕಾಲು ಉಳುಕದೆ ಇರೋ ಮನೆ ಯಾವ್ದಿದೆ? ಬಹುಪಾಲು ಉಳುಕು ಆಗೋದು ಪಾದ ಕೆಳಕ್ಕೆ ಬಾಗಿ ಅಂಗಾಲು ಒಳಗಡೆ ಹೊರಳಿದಾಗ, ಅಂದ್ರೆ ಪ್ಲಾಂಟರ್‌ಫ್ಲೆಕ್ಷನ್ ಜೊತೆ ಇನ್‌ವರ್ಷನ್, ಏಟು ಬೀಳೋದು ಹೊರಗಡೆ ಗಂಟಿನ ಮುಂದಿರೋ ಲಿಗಮೆಂಟಿಗೆ. ಹೊರಗಡೆ ಹೊರಳಿದ್ರೆ, ಅದು ಎವರ್ಷನ್, ಅಪರೂಪ. ಆಸ್ಪತ್ರೇಲಿ ಕಾಲು ಉಳುಕ್ತು ಅಂತ ಮಾತ್ರ ಹೇಳೋ ಬದ್ಲು ಅಂಗಾಲು ಒಳಗೆ ಹೊರಳ್ತೋ ಹೊರಗೆ ಹೊರಳ್ತೋ ಅಂತ ಹೇಳಿದ್ರೆ ಡಾಕ್ಟ್ರಿಗೆ ಅರ್ಧ ಕೆಲಸ ಆದಂಗೆ.

ಅಡಿಕೆ ಕೊನೆ ಕೊಯ್ಲಿನ ಟೈಮಲ್ಲಿ ದೋಟಿ, ಅಂದ್ರೆ ಕೊನೆ ಕೊಯ್ಯೋ ಉದ್ದ ಕೋಲು, ಹಿಡಿಯೋರನ್ನ ನೋಡಿ. ಇಡೀ ದಿನ ಕೈ ಮೇಲಕ್ಕೆ, ಮುಖ ಮೇಲಕ್ಕೆ. ಕೈ 180 ಡಿಗ್ರಿ ಮೇಲೆ ಹೋಗೋದ್ರಲ್ಲಿ ಭುಜದ ಕೀಲಿನ ಪಾಲು ಸುಮಾರು 120 ಅಷ್ಟೇ, ಮಿಕ್ಕ 60 ಬೆನ್ನ ಹಿಂದಿನ ಭುಜದ ಹಲಗೆ ಜಾರಿ ತಿರುಗಿ ಕೊಡೋದು, ಆ ಹಲಗೆ ಬಿಗಿಯಾದ್ರೆ ಭುಜಕ್ಕೆ ಎಷ್ಟು ಎಣ್ಣೆ ತಿಕ್ಕಿದ್ರೂ ಕೈ ಪೂರ್ತಿ ಏಳಲ್ಲ. ಕುತ್ತಿಗೆ ಅಂತೂ ಪೂರ್ತಿ ಎಕ್ಸ್‌ಟೆನ್ಶನ್‌ನಲ್ಲೇ ಇರತ್ತೆ, ಸಂಜೆ ಕೇಳಿದ್ರೆ ಕುತ್ತಿಗೆ ಹಿಡ್ಕಂಡಿದೆ ಅಂತಾರೆ. ಹಿಡ್ಕಂಡಿರೋದು ಬಗ್ಗಿಸುವಾಗಲೋ, ಎತ್ತುವಾಗಲೋ, ತಿರುಗಿಸುವಾಗಲೋ? ತಲೆ ತಿರುಗಿಸಿ ಇಲ್ಲ ಅನ್ನೋದ್ರಲ್ಲಿ ಹತ್ತತ್ರ ಅರ್ಧ ಬರೀ ಮೊದಲ್ನೇ ಎರಡ್ನೇ ಮೂಳೆ ಮಧ್ಯೆಯೇ ಆಗತ್ತೆ, ಹೌದು ಅಂತ ತಲೆ ಹಾಕೋದು ತಲೆಬುರುಡೆ ಮೊದಲ್ನೇ ಮೂಳೆ ಮೇಲೆ ಆಡೋದ್ರಿಂದ. ನಾವು ಹ್ಞೂಂ ಅಂತ ತಲೆ ಪಕ್ಕಕ್ಕೆ ವಾಲಿಸ್ತೀವಲ್ಲ, ಅದು ಈ ಎರಡೂ ಅಲ್ಲ, ಲ್ಯಾಟರಲ್ ಫ್ಲೆಕ್ಷನ್! ಹೊರಗಿನೋರಿಗೆ ಅದು ಹೌದೋ ಇಲ್ವೋ ಗೊತ್ತಾಗದೆ ಒದ್ದಾಡೋದು ನೋಡೋಕೆ ಮಜಾ.

ಇಂಗ್ಲಿಷ್ ಹೆಸ್ರು ಹಾಕಿದ್ರೆ ಜನಕ್ಕೆ ಅರ್ಥ ಆಗಲ್ಲ ಅಂತ ನಿಮ್ಮವರು ಅನ್ಬೋದು. ಬಿಪಿ, ಶುಗರ್, ಸ್ಕ್ಯಾನಿಂಗ್ ಎಲ್ಲ ಅರ್ಥ ಆಗ್ತಿರೋ ಜನಕ್ಕೆ ಇದೇನು ದೊಡ್ಡದಲ್ಲ. ಫಿಸಿಯೋಥೆರಪಿ ಚೀಟೀಲಿ ಬರೆಯೋದೂ ಇದೇ ಹೆಸ್ರುಗಳು, ಎಷ್ಟು ಡಿಗ್ರಿ ಅಂತ ಗೋನಿಯೋಮೀಟರ್ ಇಟ್ಟು ಅಳೆದು ಬರೀತಾರೆ. ನಮ್ಮ ಕಡೆಯಿಂದ ಬಸ್ ಹತ್ತಿ ಶಿವಮೊಗ್ಗಕ್ಕೆ ಹೋಗಿ ತೋರಿಸ್ಕೊಂಡು ಬಂದೋರು ಮನೇಲಿ ಆ ಚೀಟಿ ನೋಡಿ ಏನ್ ಮಾಡ್ಬೇಕು ಅಂತ ಗೊತ್ತಾಗದೆ ಮೊಳೆಗೆ ನೇತಾಕಿರ್ತಾರೆ. ನಿಮ್ಮ ಪುಟದಲ್ಲಿ ಹೆಸ್ರು ಹಾಕಿ ಪಕ್ಕದಲ್ಲೇ ಒಂದು ಗೆರೆ ಚಿತ್ರ, ಬಾಣದ ಗುರುತು ಹಾಕಿದ್ರೆ ಆ ಚೀಟಿಗೂ ಉಪಯೋಗ ಆಗತ್ತೆ. ಬಣ್ಣದ ಫೋಟೋ, ಮಾಡೆಲ್ ಎಂತದೂ ಬೇಡ.

ಮುಂದಿನ ಸಲ ಸೊಂಟ ನೋವಿನ ವ್ಯಾಯಾಮ ಅಂತ ಹೇಳಿದೀರಿ. ಮುಂದಕ್ಕೆ ಬಗ್ಗಿ ಅಂತ ಹಾಕೋದಾದ್ರೆ ಬಗ್ಗೋದು ತೊಡೆಸಂದಲ್ಲೋ ಬೆನ್ನುಮೂಳೇಲೋ ಅನ್ನೋದನ್ನ ದಯವಿಟ್ಟು ಹಾಕಿ. ತೊಡೆಸಂದಲ್ಲಾದ್ರೆ ಬೆನ್ನು ನೆಟ್ಟಗಿದ್ದು ಕುಂಡೆ ಹಿಂದಕ್ಕೆ ಹೋಗ್ಬೇಕು, ಬೆನ್ನುಮೂಳೇಲಾದ್ರೆ ಬೆನ್ನು ಗುಂಡಗಾಗತ್ತೆ, ಡಿಸ್ಕ್ ತೊಂದರೆ ಇರೋ ಎಷ್ಟೋ ಜನಕ್ಕೆ ಈ ಎರಡ್ನೇದು ನೋವು ಜಾಸ್ತಿ ಮಾಡತ್ತೆ. ಇಲ್ಲಿ ನಟ್ಟಿ ಮಾಡಿ ಬಂದೋರೆಲ್ಲ ನಿಮ್ಮ ಪುಟ ಕತ್ತರಿಸಿ ಇಟ್ಕೊಳ್ತಾರೆ, ಅದಕ್ಕೆ ಮೊದ್ಲೇ ಹೇಳ್ತಿದೀನಿ.

ಇಂತಿ,
ನಿವೃತ್ತ ಪಿಟಿ ಮೇಷ್ಟ್ರು,
ಹೊಸನಗರ ತಾಲೂಕು, ಶಿವಮೊಗ್ಗ ಜಿಲ್ಲೆ