ಕ್ರಿಯಾಟಿನಿನ್ ಕೆಳಗೆ ಇನ್ನೊಂದು ಸಾಲು ಪ್ರಿಂಟ್ ಮಾಡಿ

ಸಂಪಾದಕರೇ,

ನಮ್ಮಮ್ಮಂಗೆ 68 ವರ್ಷ, ಶುಗರ್ ಬಂದು 12 ವರ್ಷ ಆಯ್ತು. ಪ್ರತಿ ವರ್ಷ ಹನುಮಂತನಗರದಲ್ಲಿ ಮನೆ ಹತ್ರದ ಲ್ಯಾಬಲ್ಲೇ ಬ್ಲಡ್ ಟೆಸ್ಟ್ ಮಾಡಿಸ್ತೀವಿ, ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಗೆ ಹಾಕೋ ಕಸ) 1.1 ಅಂತ ಬರುತ್ತೆ, ಪಕ್ಕದಲ್ಲಿ ನಾರ್ಮಲ್ 0.6ರಿಂದ 1.2 ಅಂತಿರುತ್ತೆ, ಸರಿ ಕಿಡ್ನಿ ಚೆನ್ನಾಗಿದೆ ಅಂತ ರಿಪೋರ್ಟ್ ಫೈಲಿಗೆ ಸೇರಿಸಿ ಸುಮ್ನಾಗ್ತಿದ್ವಿ. ಈ ಸಲ ತೋರಿಸಿದ ಹೊಸ ಡಾಕ್ಟ್ರು ಅದೇ 1.1ಕ್ಕೆ ವಯಸ್ಸು ಸೇರಿಸಿ ಲೆಕ್ಕ ಹಾಕಿ, ಇಜಿಎಫ್‌ಆರ್, ಅಂದ್ರೆ ಕಿಡ್ನಿ ಎಷ್ಟು ಸೋಸುತ್ತೆ ಅನ್ನೋ ಅಂದಾಜು, 55 ಬರ್ತಿದೆ, ಇದು 60ರ ಮೇಲಿರಬೇಕಿತ್ತು ಅಂದ್ರು.

ಅವರು ಬಿಡಿಸಿ ಹೇಳಿದ್ಮೇಲೆ ನಂಗೆ ಅರ್ಥ ಆಗಿದ್ದು. ಕ್ರಿಯಾಟಿನಿನ್ ಹುಟ್ಟೋದೇ ನಮ್ಮ ಮಾಂಸಖಂಡದಿಂದ, ವಯಸ್ಸಾಗಿ ಸೊರಗಿರೋ ಹೆಂಗಸರಲ್ಲಿ ಅದು ಹುಟ್ಟೋದು ಕಮ್ಮಿ, ಹಾಗಾಗಿ ಕಿಡ್ನಿ ಸೋಸೋದು ಕಮ್ಮಿಯಾದ್ರೂ ನಂಬರ್ ನಾರ್ಮಲ್ ಒಳಗೇ ಕೂತಿರುತ್ತೆ. ಇದೇ 1.1 ನಮ್ಮಕ್ಕನ ಮಗನಿಗೆ, 25 ವರ್ಷದ ಹುಡುಗನಿಗೆ ಬಂದ್ರೆ ಇಜಿಎಫ್‌ಆರ್ 95ರ ಹತ್ರ ಇರುತ್ತಂತೆ!

ನಂಗೆ ಬೇಜಾರಾಗಿದ್ದು ಇಲ್ಲೇ. ಇಜಿಎಫ್‌ಆರ್ ಲೆಕ್ಕ ಹಾಕೋ 2021ರ ಸೂತ್ರಕ್ಕೆ ಬೇಕಾಗಿರೋದು ಕ್ರಿಯಾಟಿನಿನ್, ವಯಸ್ಸು, ಗಂಡೋ ಹೆಣ್ಣೋ ಅನ್ನೋದು, ಅಷ್ಟೇ. ಇವೆಲ್ಲ ಲ್ಯಾಬಿನವರ ಹತ್ರಾನೇ ಇರುತ್ತೆ, ಹೆಚ್ಚಿಗೆ ರಕ್ತ ತೆಗೀಬೇಕಾಗಿಲ್ಲ, ಕಂಪ್ಯೂಟರ್ರೇ ಲೆಕ್ಕ ಮಾಡುತ್ತೆ. ರಿಪೋರ್ಟಲ್ಲಿ ಕ್ರಿಯಾಟಿನಿನ್ ಕೆಳಗೆ ಇಜಿಎಫ್‌ಆರ್ ಅಂತ ಆ ಒಂದು ಸಾಲು ಮೊದ್ಲೇ ಇದ್ದಿದ್ರೆ ಅಮ್ಮ ಮಂಡಿ ನೋವಿಗೆ ಅಂತ ಮೆಡಿಕಲ್ ಶಾಪಿಂದ ಪೇನ್ ಕಿಲ್ಲರ್ ತರಿಸ್ಕೊಂಡು ನುಂಗ್ತಿದ್ದಾಗ ನಾವು ತಡೀತಿದ್ವಿ, ಅಂಥಾ ಎಷ್ಟೋ ಮಾತ್ರೆ ಸೋತಿರೋ ಕಿಡ್ನಿಗೆ ಇನ್ನೂ ಕೆಟ್ಟದ್ದು.

ಯೂರಿನ್ ಟೆಸ್ಟ್ ವಿಷಯಾನೂ ಹೇಳ್ಬೇಕು. ಅಲ್ಬುಮಿನ್ ಕ್ರಿಯಾಟಿನಿನ್ ರೇಶಿಯೋ ಅಂತ ಒಂದಿದೆ, ಅಲ್ಬುಮಿನ್ ಅನ್ನೋ ಪ್ರೋಟೀನ್ ಯೂರಿನಲ್ಲಿ ಎಷ್ಟು ಹೋಗ್ತಿದೆ ಅಂತ ತೋರಿಸುತ್ತೆ, 30 ದಾಟಿದ್ರೆ ಕಿಡ್ನಿ ಪ್ರೋಟೀನ್ ಸೋರಿಸ್ತಿದೆ ಅಂತ ಅನುಮಾನ ಪಡ್ಬೇಕು, ಇಜಿಎಫ್‌ಆರ್ ಚೆನ್ನಾಗಿರೋವಾಗ್ಲೇ ಇದು ಸುಳಿವು ಕೊಡಬಹುದು. ಸಾಮಾನ್ಯ ಯೂರಿನ್ ಟೆಸ್ಟಲ್ಲಿ ಸ್ವಲ್ಪ ಸ್ವಲ್ಪ ಸೋರೋದು ಗೊತ್ತಾಗದೇ ಹೋಗ್ಬಹುದು. ಶುಗರ್ ಇರೋರಿಗೆ ವರ್ಷಕ್ಕೊಂದ್ಸಲ ಇಜಿಎಫ್‌ಆರ್, ಈ ರೇಶಿಯೋ ಎರಡೂ ಮಾಡಿಸ್ಬೇಕು ಅಂತಾರೆ, ಆದ್ರೆ ನಾವು ದುಡ್ಡು ಕೊಟ್ಟು ಮಾಡಿಸಿದ ಫುಲ್ ಬಾಡಿ ಪ್ಯಾಕೇಜಲ್ಲಿ ಈ ರೇಶಿಯೋನೇ ಇರ್ಲಿಲ್ಲ.

ಹಾಗಂತ ಒಂದು ರಿಪೋರ್ಟ್ ನೋಡಿ ಯಾರೂ ಗಾಬರಿ ಆಗ್ಬೇಡಿ. ಹಿಂದಿನ ದಿನ ಮಾಂಸದೂಟ ಜಾಸ್ತಿ ಆಗಿದ್ರೂ ಕ್ರಿಯಾಟಿನಿನ್ ಏರಬಹುದು, ಇಜಿಎಫ್‌ಆರ್ ಮೂರು ತಿಂಗಳಾದ್ರೂ 60ಕ್ಕಿಂತ ಕಮ್ಮಿನೇ ಇದ್ರೆ, ಇಲ್ಲಾ ಪ್ರೋಟೀನ್ ಸೋರೋದು ಅಷ್ಟು ದಿನ ನಿಲ್ಲದಿದ್ರೆ ದೀರ್ಘಕಾಲದ ಕಾಯಿಲೆ ಅಂತಾರೆ.

ರಾಜ್ಯದ ಆರೋಗ್ಯ ಇಲಾಖೆಯವರು ಕ್ರಿಯಾಟಿನಿನ್ ಮಾಡೋ ಎಲ್ಲಾ ಲ್ಯಾಬಿಗೂ ಇಜಿಎಫ್‌ಆರ್ ಪ್ರಿಂಟ್ ಮಾಡಿ ಅಂತ ಒಂದು ಆದೇಶ ಕೊಡ್ಲಿ, ದಯವಿಟ್ಟು. ಅಮ್ಮಂಗೆ ಮೂರು ತಿಂಗಳಾದ್ಮೇಲೆ ಮತ್ತೆ ಟೆಸ್ಟ್ ಇದೆ, ಈ ಸಲ ಬಿಲ್ ಮಾಡೋವಾಗ್ಲೇ ಎರಡನ್ನೂ ಕೇಳಿ ಬರೆಸ್ತೀನಿ.

— ಒಬ್ಬ ಓದುಗ, ಹನುಮಂತನಗರ, ಬೆಂಗಳೂರು