ಮುದ್ರೆ ದೊಡ್ಡದಾಗಿದ್ದು ಗತ್ತಿಗಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಚೀನಾದ ಹಳೆಯ ಸರ್ಕಾರಿ ಮುದ್ರೆಗಳ ಚಿತ್ರ ಹಾಕಿದ್ದೀರಿ. ಚೆನ್ನಾಗಿತ್ತು. ಆದರೆ ‘ರಾಜರ ಗತ್ತು ಹೆಚ್ಚಿದಂತೆ ಮುದ್ರೆಯೂ ದೊಡ್ಡದಾಯಿತು’ ಎಂದು ಕೆಳಗೆ ಬರೆದಿದ್ದನ್ನು ನಾನು ಒಪ್ಪುವುದಿಲ್ಲ. 31 ವರ್ಷದಿಂದ ದಾವಣಗೆರೆಯಲ್ಲಿ ಸೀಲು ಮಾಡಿಕೊಡುವ ಅಂಗಡಿ ಇಟ್ಟುಕೊಂಡಿದ್ದೇನೆ. ಇಂಥ ವಿಷಯ ಬಂದರೆ ಸುಮ್ನೆ ಇರೋಕಾಗಲ್ಲ.

ಸುಮಾರು ಎರಡು ಸಾವಿರ ವರ್ಷದ ಹಿಂದೆ ಚೀನಾ ಆಳಿದ ಹಾನ್ ರಾಜರ ಕಾಲದ ಅಧಿಕಾರಿಗಳ ಮುದ್ರೆ ಸುಮಾರು 2.3 ಸೆಂ.ಮೀ. ಚೌಕ, ಅಷ್ಟೇ. ಕ್ರಿ.ಶ. 57ರಲ್ಲಿ ಹಾನ್ ಚಕ್ರವರ್ತಿ ಜಪಾನಿನ ‘ನಾ’ ಎಂಬ ನಾಡಿನ ಅರಸನಿಗೆ ಕೊಟ್ಟದ್ದೆನ್ನುವ ಚಿನ್ನದ ಮುದ್ರೆ 1784ರಲ್ಲಿ ಫುಕುವೋಕಾ ಹತ್ತಿರ ಸಿಕ್ಕಿತು. ಹಿಡಿಯಲ್ಲಿ ಸುರುಳಿ ಸುತ್ತಿದ ಹಾವು, ತೂಕ 108 ಗ್ರಾಂ ಚಿಲ್ಲರೆ. ಅಗಲ ಮಾತ್ರ ನಮ್ಮ ಐದು ರೂಪಾಯಿ ನಾಣ್ಯದಷ್ಟು. ಗತ್ತು ಕಮ್ಮಿಯಿತ್ತಾ ಅವರಿಗೆ?

ಕಾರಣ ಮಣ್ಣು. ಆಗ ಬರೆಯುತ್ತಿದ್ದುದು ಬಿದಿರು, ಮರದ ಪಟ್ಟಿಗಳ ಮೇಲೆ. ಅವನ್ನು ದಾರದಿಂದ ಕಟ್ಟಿ, ಗಂಟಿನ ಮೇಲೆ ಹಸಿ ಜೇಡಿಮಣ್ಣಿನ ಉಂಡೆ ಇಟ್ಟು ಮುದ್ರೆ ಒತ್ತುತ್ತಿದ್ದರು. ಉಂಡೆ ಎಷ್ಟಗಲವೋ ಮುದ್ರೆ ಅಷ್ಟಗಲ. ಲೋಹದಲ್ಲಿ ಅಕ್ಷರ ತಗ್ಗು, ಮಣ್ಣಿನಲ್ಲಿ ಉಬ್ಬು. ಅಧಿಕಾರಿ ಅದನ್ನು ಸೊಂಟಕ್ಕೇ ಕಟ್ಟಿಕೊಂಡು ಓಡಾಡುತ್ತಿದ್ದ.

ನನ್ನ ಮೇಜಿನ ಮೇಲೆ ಈಗಲೂ ಎರಡು ಥರದ ಸೀಲುಗಳಿವೆ. ಅರಗಿಗೆ ಒತ್ತುವ ಹಿತ್ತಾಳೆ ಸೀಲಿನಲ್ಲಿ ಅಕ್ಷರ ಕೊರೆದು ತಗ್ಗು ಮಾಡಬೇಕು. ಪ್ಯಾಡಿಗೆ ಅದ್ದುವ ರಬ್ಬರ್ ಸೀಲಿನಲ್ಲಿ ಅಕ್ಷರ ಎದ್ದಿರಬೇಕು. ಒಮ್ಮೆ ಸುಮ್ನೆ ಹಿತ್ತಾಳೆಯದಕ್ಕೆ ಶಾಯಿ ಹಚ್ಚಿ ಕಾಗದಕ್ಕೆ ಒತ್ತಿದೆ. ಇಡೀ ಸೀಲು ನೇರಳೆ ಮುದ್ದೆ, ನಡುವೆ ಅಕ್ಷರದ ಬಿಳಿ ಗೆರೆ, ಅದೂ ಅರ್ಧ ಮುಚ್ಚಿಹೋಗಿತ್ತು. ಕಾಗದ ಬಂದ ಮೇಲೆ ಚೀನಾದವರಿಗೂ ಇದೇ ತಾಪತ್ರಯ ಆಗಿರಬೇಕು. ಸುಯಿ, ಟಾಂಗ್ ರಾಜರ (6ರಿಂದ 10ನೇ ಶತಮಾನ) ಹೊತ್ತಿಗೆ ಅಕ್ಷರ ಉಬ್ಬಾಯಿತು, ಕೆಂಪು ಬಣ್ಣ ಬಂತು, ಮುದ್ರೆ 5 ಸೆಂ.ಮೀ. ದಾಟಿತು. ಕಾಗದದ ಮೇಲೆ ಜಾಗಕ್ಕೇನು ಬರ! ಆದರೆ ಅದನ್ನು ಸೊಂಟಕ್ಕೆ ಕಟ್ಟೋಕಾಗುತ್ತಾ? ಕಚೇರಿಯ ಪೆಟ್ಟಿಗೆ ಸೇರಿತು. ಆಮೆ, ಹಾವಿನ ಹಿಡಿ ಹೋಗಿ, ಕೈಗೆ ಸಿಗುವಂಥ ನೆಟ್ಟನೆಯ ಹಿಡಿ ಬಂತು.

ಉದ್ದ ಮುದ್ರೆಯ ಕಥೆ ಬೇರೆ. 14ನೇ ಶತಮಾನದಲ್ಲಿ ಮಿಂಗ್ ದೊರೆ ಹೊಂಗ್‌ವು ಕಾಲಕ್ಕೆ, ಲೆಕ್ಕ ಒಪ್ಪಿಸಲು ಬರುವವರು ಖಾಲಿ ಹಾಳೆಗೆ ಮೊದಲೇ ಮುದ್ರೆ ಒತ್ತಿಸಿಕೊಂಡು ರಾಜಧಾನಿಗೆ ಬರುತ್ತಿದ್ದರು. ಬೇಕಾದ ಲೆಕ್ಕ ಅಲ್ಲೇ ತುಂಬಿಕೊಳ್ಳಬಹುದಲ್ಲ! ದೊರೆ ಕೆಂಡವಾದ, ತಲೆಗಳು ಉರುಳಿದವು. ಆಮೇಲೆ ಒಂದೇ ಮುದ್ರೆಯ ಅರ್ಧ ಈ ಹಾಳೆಗೆ, ಇನ್ನರ್ಧ ಕಚೇರಿಯ ದಫ್ತರಕ್ಕೆ ಬೀಳುವಂತೆ ಒತ್ತಿ ತಾಳೆ ನೋಡತೊಡಗಿದರಂತೆ. ಆ ಚೌಕದ ಅರ್ಧವೇ ‘ಗ್ವಾನ್‌ಫಾಂಗ್’ ಎಂಬ ಉದ್ದ ಮುದ್ರೆಯಾಯಿತು ಎನ್ನುತ್ತಾರೆ. ಕಾಯಂ ಕಚೇರಿಗೆ ಚೌಕ, ತಾತ್ಕಾಲಿಕ ಹುದ್ದೆಗೆ ಉದ್ದ.

1949ರ ಚೀನಾದ ಕೇಂದ್ರ ಸರ್ಕಾರದ ಮುದ್ರೆಯೂ 9 ಸೆಂ.ಮೀ. ಚೌಕವೇ. ಈಗಿನವು ಗುಂಡಗೆ. ನಡುವೆ ನಕ್ಷತ್ರ ಇಲ್ಲವೇ ರಾಷ್ಟ್ರಲಾಂಛನ, ಸುತ್ತ ಕಮಾನಿನಂತೆ ಹೆಸರು. 1999ರ ನಿಯಮದ ಪ್ರಕಾರ ದೇಶದ ಮಂತ್ರಿಮಂಡಲದ್ದು 6 ಸೆಂ.ಮೀ., ಹೋಬಳಿಯಂಥ ಕೆಳಗಿನ ಸರ್ಕಾರದ್ದು 4.2. ಇಲ್ಲಿ ಬೇಕಾದರೆ ನಿಮ್ಮ ಗತ್ತಿನ ಮಾತು ಒಪ್ಪೋಣ.

ಇನ್ನೊಂದು. ಚಿತ್ರದಲ್ಲಿ ಹಾನ್ ಮುದ್ರೆಯನ್ನೂ ಟಾಂಗ್ ಮುದ್ರೆಯನ್ನೂ ಒಂದೇ ಅಳತೆಗೆ ಹಿಗ್ಗಿಸಿ ಹಾಕಿದ್ದೀರಿ. ಮುಂದಿನ ಸಲ ಪಕ್ಕದಲ್ಲೊಂದು ಸ್ಕೇಲು ಇಟ್ಟು ತೋರಿಸಿ.

ಇಂತಿ,
ಹಳೆಯ ಓದುಗ, ದಾವಣಗೆರೆ